ಕಾಕಾನ ಬೀಟಾ, ಕಾಕುವಿನ ಗುರೆಳ್ಳ ಚಟ್ನಿ

ನಮ್ಮ ಕಾಕಾ ಜೀವನದಲ್ಲಿ ಯಾವ ಕೆಲಸವನ್ನೂ ಪೂರ್ತಿ ಮಾಡಿದವನಲ್ಲ. ಇದು ಚಾಡಿಯಲ್ಲ, ಅವನೇ ಎದೆ ತಟ್ಟಿಕೊಂಡು ಹೇಳುವ ಮಾತು! ದಿನ ತುಂಬುವ ಮೊದಲೇ, ಸೂಲಗಿತ್ತಿ ಹೊಸ್ತಿಲು ದಾಟುವಷ್ಟರಲ್ಲೇ ಹುಟ್ಟಿಬಿಟ್ಟಿದ್ದನಂತೆ. ಅದನ್ನು ಎತ್ತಿ ಆಡಿದರೆ, "ಅದು ಬೀಟಾ ಇತ್ತವಾ. ಆಮ್ಯಾಲ ಭಾಳ ಸುಧಾರಣಾ ಆಗ್ಯದ" ಅನ್ನುತ್ತಾನೆ. ಆಗಿದೆಯೇ? ಮನೆಯಲ್ಲಿ ಈ ಬಗ್ಗೆ ಒಮ್ಮತವಿಲ್ಲ.

ಮನೆ ಸೋನ್ಯಾಳದಲ್ಲಿ, ಅಂಗಡಿ ಜತ್ತದ ಬಸ್ ನಿಲ್ದಾಣದ ಹತ್ತಿರ. ಸುಟ್ಟ ಪಂಪುಗಳಿಗೆ ತಾಮ್ರದ ತಂತಿ ಸುತ್ತುವುದು ಹೊಟ್ಟೆಪಾಡು. ವಿಡಿಯೊ ನೋಡಿ ಕಲಿತ ಪ್ರೋಗ್ರಾಮಿಂಗ್ ತಲೆಪಾಡು. ಕಾಕು, ಅಂದರೆ ಅವನ ಹೆಂಡತಿ, ಅಡುಗೆಯ ಬ್ಲಾಗ್ ಬರೆಯುತ್ತಿದ್ದಳು. ಅವಳಿಗೆ ಅನುಕೂಲವಾಗಲಿ ಎಂದು ಅಕ್ಷರ ದಪ್ಪ ಮಾಡುವ, ಬಣ್ಣ ಹಚ್ಚುವ, ಫೋಟೊ ಸೇರಿಸುವ ಗುಂಡಿಗಳುಳ್ಳ ಒಂದು ಎಡಿಟರ್ ಪ್ಲಗಿನ್ ಮಾಡಿದ. ಆಮೇಲೆ ಅದನ್ನು ಊರಿಗೆಲ್ಲ ಪುಕ್ಕಟೆ ಬಿಟ್ಟ. ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ? ಸೊಲ್ಲಾಪುರದವರು, ವಿಜಯಪುರದವರು, ಯಾವ ದೇಶದವನೆಂದೇ ತಿಳಿಯದ ಒಬ್ಬ ಪುಣ್ಯಾತ್ಮ, ಎಲ್ಲರೂ ಹಾಕಿಕೊಂಡರು.

"ಬೀಟಾ ಅಂದ್ರೇನ್ರಿ?" ಎಂದು ಮೋಟಾರು ತಂದ ರೈತನೊಬ್ಬ ಕೇಳಿದ್ದ.

"ಬಜಾರದಾಗ ಜ್ವಾಳ ತಗೋಳೂ ಮುಂದ ಒಂದ ಮುಷ್ಟಿ ಅಂಗೈಯಾಗ ಹಿಡದ, ಊದಿ, ನಾಕ ಕಾಳ ಕಡದ ನೋಡ್ತಿ ಇಲ್ಲೋ? ಅದ ಬೀಟಾ. ಹುಳಾ ಇದ್ರ ಆಗ ಹೇಳಬೇಕು. ರೊಟ್ಟಿ ತಿಂದ ಮ್ಯಾಲ ಅಲ್ಲ."

"ನನ್ನ ಮೋಟಾರ ಮಾತ್ರ ಬೀಟಾ ಕೊಡಬ್ಯಾಡ್ರೆಪಾ" ಎಂದು ಕೈಮುಗಿದು ಹೋದ ಆ ಜಾಣ.

ಮಗಳ ಸಾಖರಪುಡಾ, ಅಂದರೆ ಲಗ್ನದ ನಿಶ್ಚಯದ ದಿನ ಕಾಕಾ ಮೈಕು ಹಿಡಿದ. "ನೋಡ್ರಿ ಬೀಗರ, ಇದು ಬೀಟಾ. ಹುಡುಗೀದಾಗ, ಹುಡುಗನ್ಯಾಗ ಏನ ಹುಳುಕ ಕಂಡ್ರೂ ಈಗ ಹೇಳಿಬಿಡ್ರಿ!" ಬೀಗರ ಕಡೆಯ ಹಿರಿಯರು ರುಮಾಲು ಸರಿಮಾಡಿಕೊಂಡು ಎದ್ದೇಬಿಟ್ಟರು. ಕಾಕು ಓಡಿಬಂದು, "ಕುಂದ್ರಿ ಮಾವಾರ, ನಮ್ಮ ಕಡಿ ಹುಳುಕ ಇದೊಂದ. ಮೈಕ್ ಹಿಡಕೊಂಡ ನಿಂತದ ನೋಡ್ರಿ" ಎಂದಳು. ಹಿರಿಯರು ನಕ್ಕರು, ಲಗ್ನ ಉಳಿಯಿತು.

ಅಂಥ ಕಾಕುವಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ನಾಲಿಗೆಯ ಹತ್ತಿರ ಹೋಗಲು ಆ ಲಕ್ವಾಕ್ಕೂ ಧೈರ್ಯವಾಗಲಿಲ್ಲ! ಆದರೆ ಬ್ಲಾಗ್ ನಿಂತಿತು. ಗುರೆಳ್ಳ, ಅಂದರೆ ಹುಚ್ಚೆಳ್ಳ ಚಟ್ನಿಯ ಬಗ್ಗೆ ಬರೆಯುತ್ತಿದ್ದವಳು, "ಗುರೆಳ್ಳ ಹುರಿಯೂ ಮುಂದ ಚಟಪಟ ಅಂದ ಕೂಡ್ಲೆ" ಎಂಬಲ್ಲಿಗೆ ನಿಲ್ಲಿಸಿದ್ದಳು. ಮುಂದೆ ಇಳಿಸಬೇಕೋ, ಓಡಿಹೋಗಬೇಕೋ ಓದುಗರಿಗೆ ತಿಳಿಯಲಿಲ್ಲ.

"ಎಡಗೈಲೆ ಬರಿ ಕಾಕು" ಎಂದೆ ನಾನು.

"ಹುಚ್ಚಿ! ನಾಕ ಮಂದಿಗೆ ಅಡಿಗಿ ಹೇಳೂದಂದ್ರ ಬಡಸಿದಂಗ. ಎಡಗೈಲೆ ಯಾರರೆ ಬಡಸ್ತಾರೇನ?"

ಇದಕ್ಕೆ ಏನು ಹೇಳುತ್ತೀರಿ? ಮಗಳು ಹೇಳಿದಳು, ಡಾಕ್ಟರು ಹೇಳಿದರು, ಕಾಕು ಜಗ್ಗಲಿಲ್ಲ. ಲ್ಯಾಪ್‌ಟಾಪಿನ ಕಡೆ ನೋಡುವುದನ್ನೇ ಬಿಟ್ಟಳು. ಮಧ್ಯಾಹ್ನವೆಲ್ಲ ಗೋಡೆ ನೋಡುತ್ತ ಕೂರುತ್ತಿದ್ದಳು.

ಕಾಕಾ ಮಾತ್ರ ಪ್ಲಗಿನ್ನಿನ ಹೊಸ ಬೀಟಾ ಬಿಡುತ್ತೇನೆಂದು ಸಾರಿದ. ಬಿಡುಗಡೆಯ ದಿನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಟ್ರ್ಯಾಕ್ಟರಿಗೆ ಒಡೆದಂತೆ ಅದರ ಮುಂದೆಯೇ ಕಾಯಿ ಒಡೆದ. ಮುಂದೆ ಎಂದರೆ ಎಷ್ಟು ಮುಂದೆ? ಕಾಯಿನೀರೆಲ್ಲ ಕೀಬೋರ್ಡಿನೊಳಗೆ! ಲ್ಯಾಪ್‌ಟಾಪು ಒಮ್ಮೆ ಗುಂಯ್ ಅಂದು ಕಣ್ಣು ಮುಚ್ಚಿತು. ಮಾಳಿಗೆಯ ಮೇಲೆ ಶಾವಿಗೆಯ ಪಕ್ಕ ಅದನ್ನು ಬೋರಲು ಹಾಕಿ ಒಣಗಿಸಿದೆವು. ಕಾಕು ಎಡಗೈಯಲ್ಲಿ ಕೋಲು ಹಿಡಿದು ಕಾಗೆ ಕಾದಳು.

"ಶಾವಿಗಿ ಒಣಗ್ಯಾವ. ನಿಮ್ಮ ಬೀಟಾ ಇನ್ನ ಹಸೀನ ಅದ ನೋಡ್ರಿ" ಎಂದು ಮೇಲಿಂದ ಕೂಗುತ್ತಿದ್ದಳು.

ಅದು ಹೇಗೋ ಜೀವ ಹಿಡಿಯಿತು, ಬೀಟಾ ಹೊರಬಿತ್ತು. ಬಿದ್ದದ್ದೇ ತಡ, ಬೈಗುಳದ ಮಳೆ! ಗುಂಡಿಗಳೆಲ್ಲ ಎಡಗಡೆಯ ಮೂಲೆಗೆ ಬಂದು ಕೂತಿದ್ದವು. ಒಂದೊಂದೂ ಇಟ್ಟಂಗಿಯಷ್ಟು ದೊಡ್ಡದು. ಸೊಲ್ಲಾಪುರದವರು ಸಿಟ್ಟಾದರು. ಪರದೇಶದ ಪುಣ್ಯಾತ್ಮ, ಇದನ್ನು ಮಾಡಿದವನಿಗೆ ಕಣ್ಣಿವೆಯೇ ಎಂದು ಕೇಳಿದ. "ಬ್ಯಾಡಾದ್ರ ಹಳೇದ ಬಳಸ್ಕೋ" ಎಂದು ಎಲ್ಲರಿಗೂ ಒಂದೇ ಉತ್ತರ ಹಾಕಿದ ಕಾಕಾ.

"ಕಾಕಾ, ಎಲ್ಲಾ ಯಾಕ ಎಡಕ್ಕ ತಂದೀ?" ಎಂದೆ.

"ಹೊಸ ಫ್ಯಾಶನ್ ಅದ. ನಿಂಗೇನ ತಿಳೀತದ, ಸಾಲಿ ಕಲಸೂದ ನೋಡ್ಕೋ."

ನನಗೆ ತಿಳಿಯಿತು. ಲ್ಯಾಪ್‌ಟಾಪನ್ನು ಕಾಕುವಿನ ಹಾಸಿಗೆಯ ಎಡಪಕ್ಕಕ್ಕೆ ಇಟ್ಟು ಅವನು ಜತ್ತದ ಬಸ್ಸು ಹತ್ತುತ್ತಿದ್ದ. ಸಂಜೆ ಬಂದು ನೋಡಿದರೆ ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತಿತ್ತು. ಅವನ ಮುಖ ಬಾಡುತ್ತಿತ್ತು. ಆದರೂ ಮರುದಿನ ಮತ್ತೆ ಅಲ್ಲಿಯೇ ಇಡುತ್ತಿದ್ದ.

ಒಂದು ದಿನ ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯಲ್ಲಿ ಕೂತಿದ್ದಾಗ ಅವನ ಫೋನು ಸದ್ದು ಮಾಡಿತು. ಪ್ಲಗಿನ್ನಿನ ದೋಷ ಬರೆಯುವ ಪುಟದಲ್ಲಿ ಹೊಸ ದೂರು. "ಗುಂಡಿ ಯಾಕ ಇಷ್ಟ ದೊಡ್ಡವು? ನಾ ಏನ ಕುರಡಿ ಆಗೀನೇನ? ಬಣ್ಣದ ಗುಂಡಿ ಒತ್ತಿದ್ರ ಫೋಟೊ ಕೇಳ್ತದ. ಮೋಟಾರ ಸುತ್ತವರು ಮೋಟಾರ ಸುತ್ಕೊಂಡಿರಬೇಕು."

ಹೆಸರು ನೋಡಬೇಕೇ? ಊರಿಗೆಲ್ಲ ಒಂದೇ ಉತ್ತರ ಹಾಕಿದ್ದ ಕಾಕಾ ಕೈಯಲ್ಲಿದ್ದ ತಂತಿ ಕೆಳಗಿಟ್ಟು ದೂರನ್ನು ಮತ್ತೆ ಮತ್ತೆ ಓದಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. "ತಪ್ಪು ನಮ್ಮದೇ. ಲಗೂನ ಸರಿ ಮಾಡ್ತೀವಿ" ಎಂದು ಬರೆದ. ಶಟರ್ ಎಳೆದು ಬಸ್ಸಿಗೆ ಓಡಿದ. ನಾನೂ ಹಿಂದೆ ಓಡಿದೆ.

"ಎಡಗೈಲೆ ಬರಿಯಂಗಿಲ್ಲ ಅಂದಿದ್ದೆಲ್ಲ ಕಾಕು?" ಎಂದು ಮನೆಯಲ್ಲಿ ಕೇಳಿದೆ.

"ಬಡಸಂಗಿಲ್ಲ ಅಂದಿದ್ದೆ. ಬೈಯಾಕ ಯಾವ ಕೈ ಆದ್ರೇನವಾ?"

ಕಾಕಾ ಗುಂಡಿ ಸಣ್ಣವು ಮಾಡಿದ. ಮರುದಿನ ಇನ್ನೊಂದು ಬೈಗುಳ ಬಂತು, ಅದನ್ನೂ ಸರಿಮಾಡಿದ. ಬೈದು ಬೈದು ಅವಳ ಎಡಗೈ ಪಳಗಿತು. ಕಡೆಗೊಂದು ಬೆಳಿಗ್ಗೆ ಬ್ಲಾಗಿನಲ್ಲಿ ಆ ಅರ್ಧ ಸಾಲು ಪೂರ್ತಿಯಾಗಿತ್ತು. "ಚಟಪಟ ಅಂದ ಕೂಡ್ಲೆ ಇಳಸ್ರಿ, ತಡಾ ಮಾಡಿದ್ರ ಕಹಿ ಆಗ್ತದ. ಇದು ಬೀಟಾ ಚಟ್ನಿ, ಉಪ್ಪ ಕಡಿಮಿ ಇದ್ರ ಹೇಳ್ರಿ. ಎಡಗೈಲೆ ಬಡಸೀನಿ, ತಪ್ಪ ತಿಳಕೋಬ್ಯಾಡ್ರಿ."