ಸೀಸವಲ್ಲದೆ ಬೇರೇನೂ ಒಲ್ಲದ ಹಿರಿಯ ರಿವಾಲ್ವರಿಗೆ

ಮಾನ್ಯ ರಿವಾಲ್ವರ್ ಮಹಾಶಯರೇ,

ನಮ್ಮ ಸೋದರತ್ತೆಯ ಕಪಾಟಿನಿಂದ ನನ್ನ ಕೈಗೆ ದಯಮಾಡಿಸಿರುವ, ವಯಸ್ಸಿನಲ್ಲಿ ಅತ್ತೆಗಿಂತಲೂ ಹಿರಿಯರಾದ ತಮಗೆ, ಶೂಟಿಂಗ್ ಕ್ಲಬ್ಬಿನಲ್ಲಿ ಸೋಲುವ ಕೆಲಸವನ್ನು ಖಾಯಂ ಮಾಡಿಕೊಂಡಿರುವ ನಾನು ತಲೆಬಾಗಿ ಬರೆದುಕೊಳ್ಳುವುದೇನೆಂದರೆ, ತಮ್ಮ ಊಟದ ವಿಷಯವನ್ನು ಇನ್ನು ಮನೆಯೊಳಗೇ ಮುಚ್ಚಿಡಲಾಗದು.

ತಮ್ಮ ಕಾಲದ ಉಕ್ಕು ಮೆದು, ತಾಮ್ರದ ಕವಚ ತೊಟ್ಟ ಗುಂಡು ಒಳಗನ್ನು ಸವೆಸುತ್ತದೆ, ಸೀಸದ ಗುಂಡನ್ನೇ ಹಾಕು ಎಂದು ಅತ್ತೆ ಕೊಡುವಾಗಲೇ ಹೇಳಿದ್ದರು. ಒಪ್ಪಿದೆ. ಆದರೆ ಸೀಸ ತಿಂದ ತಾವು ಬಾಯಿ ಮುಕ್ಕಳಿಸುವವರಲ್ಲ. ನಳಿಗೆಯುದ್ದಕ್ಕೂ ಮೆತ್ತಿಕೊಂಡ ಆ ಮಡ್ಡಿಯನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಗಿದೆ. ಸಾಲದ್ದಕ್ಕೆ, ಸೋತವರು ಗೆದ್ದವರ ಆಯುಧವನ್ನೂ ಶುಚಿಮಾಡಿಕೊಡಬೇಕೆಂಬುದು ನಮ್ಮ ಕ್ಲಬ್ಬಿನ ಪದ್ಧತಿ. ಗೆಲ್ಲುವವರು ಯಾವಾಗಲೂ ನಮ್ಮ ಭಾವ. ಅವರ ಹೊಸ ರಿವಾಲ್ವರಿಗೆ ಕವಚದ ಗುಂಡೇ ಆಹಾರ, ಎರಡು ಸಲ ಬಟ್ಟೆ ಎಳೆದರೆ ಫಳಫಳ.

"ನೀನೂ ಕವಚದ್ದೇ ಹಾಕು, ಏನೂ ಆಗಲ್ಲ, ನಾನಿದೀನಲ್ಲ" ಎಂದು ಅವರು ಹುರಿದುಂಬಿಸಿದರು. ತಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಮದ್ದು ಕಡಿಮೆಯಿರುವುದನ್ನೇ ಆರಿಸಿ ಹಾಕಿದೆ. ತಾವೋ, ಗುಂಡನ್ನು ಹೊರದಬ್ಬುವಷ್ಟು ಬಲ ಸಾಲದೆ, ಅದನ್ನು ನಳಿಗೆಯ ಅರ್ಧದಲ್ಲೇ ಕಚ್ಚಿಕೊಂಡು ಕೂತಿರಿ. ಹಿಂದೆಯೇ ಇನ್ನೊಂದು ಹಾರಿಸಿದ್ದರೆ ನಳಿಗೆ ಸಿಡಿದು ತಾವೂ ಇರುತ್ತಿರಲಿಲ್ಲ, ಈ ಪತ್ರ ಬರೆಯುವ ಬೆರಳುಗಳೂ ಇರುತ್ತಿರಲಿಲ್ಲ. ರಿಪೇರಿಯವರು ಅದನ್ನು ಕುಟ್ಟಿ ಹೊರತೆಗೆಯುವವರೆಗೂ ಭಾವ ಚಹಾ ಹೀರುತ್ತಾ ನಗುತ್ತಿದ್ದರು.

ಈ ಭಾನುವಾರವೂ ಸೋತರೆ ತಮ್ಮನ್ನು ಭಾವನ ಮನೆಯ ಗಾಜಿನ ಬೀರುವಿನಲ್ಲಿ, ಪಿಂಗಾಣಿ ಬಾತುಕೋಳಿಯ ಪಕ್ಕ ಕೂರಿಸುವುದೆಂದು ಮನೆಮಂದಿ ತೀರ್ಮಾನಿಸಿದ್ದಾರೆ. ಅತ್ತೆ ನನಗೆ ಗುರಿಯಿಡಲು ಕಲಿಸಿದ್ದು ತಮ್ಮಿಂದಲೇ. ನನಗೆ ಇದು ಸಹಿಸಲಾಗದು. ಆದ್ದರಿಂದ ತಾವು ಒಂದು ಬೆಳಗಿನ ಮಟ್ಟಿಗೆ ಯೌವನ ತಂದುಕೊಂಡು, ಸೀಸವನ್ನೇ ಉಂಡು, ನನ್ನ ಕಣ್ಣು ತಪ್ಪಿದರೂ ತಾವು ಗುರಿ ತಪ್ಪದೆ, ಸಾಧ್ಯವಾದರೆ ಆಮೇಲೆ ತಮ್ಮ ಸ್ನಾನವನ್ನು ತಾವೇ ಮಾಡಿಕೊಳ್ಳಬೇಕಾಗಿ ಪ್ರಾರ್ಥನೆ.

ರಟ್ಟೆ ಸೋತರೂ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ

ತಾ.ಕ.: ಭಾನುವಾರ ಸಂಜೆ ಸೇರಿಸಿದ್ದು. ಒಂದೇ ಅಂಕದಿಂದ ಗೆದ್ದೆವು. ಪದ್ಧತಿಯಂತೆ ಭಾವ ಅಂಗಿಯ ತೋಳು ಮಡಚಿ ತಮ್ಮ ನಳಿಗೆ ಉಜ್ಜುತ್ತಿದ್ದಾರೆ, ಮೊಣಕೈವರೆಗೂ ಮಸಿ. ಇನ್ನಾದರೂ ಕವಚದ್ದು ಹಾಕಬಾರದೇ ಎಂದು ಕೇಳಿದರು. ಹಿರಿಯರ ಪಥ್ಯ ಕೆಡಿಸಬಾರದು ಎಂದೆ. ಸ್ನಾನದ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಮುಂದಿನ ವಾರವೂ ಹೊಟ್ಟೆತುಂಬ ಸೀಸ ತಿನ್ನಿ.