ಒಂಬತ್ತೂವರೆ ಮೇಸ್ತ್ರಿಯ ಗೋಡೆ

ಬೆಳಗಿನ ತಿಂಡಿಯ ಜೊತೆಗೆ ಆ ಒಂದು ಮಾತನ್ನೂ ನುಂಗಿಕೊಂಡಿದ್ದರೆ ಒಂಬತ್ತೂವರೆ ಮೇಸ್ತ್ರಿಗೆ ಆವತ್ತು ಏನೂ ಆಗುತ್ತಿರಲಿಲ್ಲ. ತಿಂಡಿ ಒಳಗೆ ಹೋಯಿತು, ಮಾತು ಹೊರಗೆ ಬಂತು.

ಆ ಹೆಸರು ಬಂದದ್ದು ಬೆರಳಿನ ಲೆಕ್ಕದಿಂದ. ಮೇಸ್ತ್ರಿಯ ಎಡಗೈ ಕಿರುಬೆರಳು ಅರ್ಧವೇ ಇತ್ತು. ಉಳಿದರ್ಧ ಪ್ರಾಯದಲ್ಲೇ ಒಂದು ಚಪ್ಪಡಿ ಕಲ್ಲಿನ ಕೆಳಗೆ ಹೋಗಿತ್ತು. ಮಿಕ್ಕ ಒಂಬತ್ತೂವರೆಯಲ್ಲಿ ಅವನು ಊರಿನ ಅರ್ಧ ಗೋಡೆಗಳನ್ನು ಕಟ್ಟಿದ್ದ.

ಹಿಂದಿನ ದಿನ ಮಗನ ಮಾವ, ಅಂದರೆ ಬೀಗರು, ಬಂದು ಉಳಿದುಕೊಂಡಿದ್ದರು. ನಿವೃತ್ತ ಹೆಡ್‌ಮಾಸ್ತರು. ನೀರು ಕೇಳಿದರೂ ಪಾಠ ಹೇಳಿದ ಹಾಗೆ ಇರುತ್ತಿತ್ತು. ಮನುಷ್ಯ ಒಳ್ಳೆಯವರೇ. ಆದರೆ ಮೇಸ್ತ್ರಿಯನ್ನು ಯಾರಿಗಾದರೂ ಪರಿಚಯ ಮಾಡಿಕೊಡುವಾಗ, "ಇವರು ನಮ್ಮ ಬೀಗರು, ಕಟ್ಟಡದ ಕಡೆಯವರು" ಎಂದು ಮುಗಿಸಿಬಿಡುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ಸಲವೂ 'ಮೇಸ್ತ್ರಿ' ಎಂಬ ಮಾತು ಅವರ ಬಾಯಿಂದ ಬಿದ್ದಿರಲಿಲ್ಲ. ಅದು ಮೇಸ್ತ್ರಿಗೆ ಚಪ್ಪಲಿಯೊಳಗೆ ಸೇರಿಕೊಂಡ ಹರಳಿನ ಹಾಗೆ ಒತ್ತುತ್ತಲೇ ಇತ್ತು.

"ನೋಡಿ ಬೀಗರೇ," ಎಂದು ಅವರು ಪೇಪರು ಮಡಿಸಿ ಮುಂದಿಟ್ಟರು. "ನಿಮ್ಮೂರಿನ ನೆಲದಡಿಯ ಕೊಳ. ಎಂಟುನೂರು ವರ್ಷದ ಗೋಡೆ, ಒಂದು ಹನಿ ಸೋರಿಲ್ವಂತೆ! ಆಗಿನವರ ಕೈ ಅಂದ್ರೆ ಕೈ. ಈಗಿನವರು ಕಟ್ಟಿದ್ದು ಎರಡು ಮಳೆಗೇ ಅಳೋಕೆ ಶುರು ಮಾಡುತ್ತೆ."

ಮೇಸ್ತ್ರಿ ಚಿತ್ರವನ್ನು ಹತ್ತಿರಕ್ಕೆ ತಂದು ನೋಡಿದ. ಮೂರನೇ ಕಮಾನು. ಅದರ ಕೆಳಗಿನ ಗೋಡೆ.

"ಇದು ನಾನು ಕಟ್ಟಿದ್ದು" ಎಂದ.

ಬೀಗರು ನಕ್ಕ ನಗುವಿಗೆ ಲೋಟದ ಕಾಫಿ ಪೇಪರಿನ ಮೇಲೆ ತುಳುಕಿತು. "ಎಂಟುನೂರು ಅಂತ ಬರೆದಿದ್ದಾರೆ ಸ್ವಾಮಿ. ನಿಮಗೆ ಎಪ್ಪತ್ತೆರಡು."

"ಕೊಳ ಹಳೇದೇ, ಇಲ್ಲ ಅಂದವರು ಯಾರು? ಈ ಒಂದು ಗೋಡೆ ಕುಸಿದು ಬಿದ್ದಿತ್ತು. ಎತ್ತಿ ನಿಲ್ಲಿಸಿದವನು ನಾನು. ಹಳೇ ಕಲ್ಲನ್ನೇ ಇಟ್ಟು ಕಟ್ಟು, ಹೊಸದು ಅಂತ ಯಾರಿಗೂ ಗೊತ್ತಾಗಬಾರದು ಅಂದಿದ್ರು ಇಂಜಿನಿಯರು." ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ ಕೂತ. "ಗೊತ್ತಾಗಲಿಲ್ಲ ನೋಡಿ!"

"ಸರಿ, ಇವತ್ತೇ ಹೋಗೋಣ. ತೋರಿಸಿ. ರುಜುವಾತು ಮಾಡಿದ್ರೆ, ನಮ್ಮ ಬೀಗರು ಮೇಸ್ತ್ರಿ ಅಂತ ಎಲ್ಲರ ಮುಂದೆ ಹೇಳ್ತೀನಿ. ಕೂಗಿ ಹೇಳ್ತೀನಿ!"

ಪಕ್ಕದ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಸದ್ದು ನಿಂತರೆ ಟೈಲರಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ ಎಂದೇ ಅರ್ಥ. ಕಾಂಪೌಂಡಿನ ಮೇಲೆ ಅವಳ ಕನ್ನಡಕ ಮೂಡಿತು. "ನಾನೂ ಬರ್ತೀನಿ ಮೇಸ್ತ್ರಿಗಳೇ! ಇದೇ ಊರಲ್ಲಿ ಕೂದಲು ನೆರೀತು, ಅದನ್ನ ನೋಡೇ ಇಲ್ಲ."

ಒಳಗಿನಿಂದ ಮೇಸ್ತ್ರಿಯ ಹೆಂಡತಿ ಬಂದಳು. ಅವಳಿಗೂ ಟೈಲರಮ್ಮನಿಗೂ ಮಾತು ಬಿಟ್ಟು ನಲವತ್ತು ವರ್ಷವಾಗುತ್ತ ಬಂದಿತ್ತು. ಕಾರಣ ಒಂದು ಹಿತ್ತಾಳೆಯ ಬುತ್ತಿ ಡಬ್ಬಿ. ಮುಚ್ಚಳದ ಮೇಲೆ ಗಿಳಿ ಕೊರೆದಿದ್ದ ಡಬ್ಬಿ, ಹೆಂಡತಿಗೆ ತವರಿನಿಂದ ಬಂದದ್ದು. ತೊಳೆದು ಕಾಂಪೌಂಡಿನ ಮೇಲೆ ಬೋರಲು ಹಾಕಿದ್ದೆ, ಆಮೇಲೆ ಕಾಣಲಿಲ್ಲ ಎಂದಿದ್ದ ಮೇಸ್ತ್ರಿ. ಕಾಂಪೌಂಡಿಗೆ ಇದ್ದದ್ದು ಎರಡೇ ಬದಿ. ಹೆಂಡತಿ ತನ್ನ ಬದಿ ಹುಡುಕಿ ಮುಗಿಸಿ ಆ ಬದಿಯನ್ನು ದಿಟ್ಟಿಸಿದಳು. ಅವತ್ತಿಗೆ ಎರಡು ಮನೆಯ ನಡುವೆ ಮಾತು ನಿಂತಿತು. ಆ ಡಬ್ಬಿಯ ವಿಷಯ ಎದ್ದಾಗಲೆಲ್ಲ ಮೇಸ್ತ್ರಿಗೆ ಮಾಳಿಗೆಯ ಮೇಲೆ ಏನೋ ಕೆಲಸ ನೆನಪಾಗುತ್ತಿತ್ತು.

"ಕೆಲವರನ್ನ ಕರ್ಕೊಂಡು ಹೋದ್ರೆ ಕೊಳದ ಕಲ್ಲು ಎಣಿಸಿಟ್ಟುಕೊಂಡು ಹೋಗಬೇಕಾಗುತ್ತೆ," ಎಂದು ಹೆಂಡತಿ ಬಾಗಿಲಿನ ಚಿಲಕಕ್ಕೆ ಹೇಳಿದಳು.

"ಕೆಲವರನ್ನ ಕೊಳದಲ್ಲಿ ಮುಳುಗಿಸಿದ್ರೂ ನಾಲಿಗೆ ತಣ್ಣಗಾಗಲ್ಲ," ಎಂದು ಟೈಲರಮ್ಮ ಕೈಯಲ್ಲಿದ್ದ ಕತ್ತರಿಗೆ ಹೇಳಿದಳು.

ಹೀಗೆ ನಾಲ್ವರೂ ಹೊರಟರು.

ಕೊಳಕ್ಕೆ ಇಳಿಯುವ ಸುರಂಗದ ಬಾಯಲ್ಲಿ ಇಪ್ಪತ್ತು ಜನ ಸೇರಿದ್ದರು. ದಾರಿ ತೋರಿಸುವ ಹುಡುಗಿ ತಲೆಗೆ ದೀಪ ಕಟ್ಟಿಕೊಂಡು, ಕತ್ತಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದಳು. "ಯಾರೂ ಗೋಡೆ ಮುಟ್ಟಬಾರದು. ನಮ್ಮ ಊರಿನ ಹೆಮ್ಮೆ ಇದು. ಮುಟ್ಟಿದ್ರೆ ಸೀಟಿ ಊದ್ತೀನಿ."

ಮೇಸ್ತ್ರಿಯ ಕೈಗೆ ಈ ಕಾನೂನು ಅರ್ಥವಾಗಲಿಲ್ಲ. ಐವತ್ತು ವರ್ಷ ಗೋಡೆ ತಟ್ಟಿ ಬದುಕಿದ ಕೈ ಅದು. ಮೊದಲನೇ ಮೆಟ್ಟಿಲಲ್ಲೇ ತಟ್ಟಿತು. ಸೀಟಿ ಕೂಗಿತು. ಧಾನ್ಯದ ಹಗೇವಿನ ಬಳಿ ಹುಡುಗಿ, "ಇದು ಕೂಡ ಕೊಳದಷ್ಟೇ ಹಳೇ ಗಾರೆ" ಎಂದಳು. "ಗಾರೆ ಅಲ್ಲಮ್ಮ, ಇದು ಸಿಮೆಂಟು. ಅದೂ ಕಳ್ಳ ಮಿಶ್ರಣ" ಎಂದು ಮೇಸ್ತ್ರಿ ಉಗುರಿನಲ್ಲಿ ಕೆರೆದ. ಹಿಡಿಯಷ್ಟು ಉದುರಿತು. ಮತ್ತೆ ಸೀಟಿ. ಜನ ತಿರುಗಿ ನೋಡಿದರು. ಬೀಗರು ಮೆಲ್ಲಗೆ ಸರಿದು ಯಾರದೋ ಸಂಸಾರದ ನಡುವೆ ನಿಂತುಕೊಂಡರು.

ಮುಂದಿನ ಓಣಿ ತಗ್ಗಾಗಿತ್ತು. "ಬಗ್ಗಿ ನಡೀರಿ" ಎಂದಳು ಹುಡುಗಿ. ಜೀವಮಾನದಲ್ಲಿ ಯಾರ ಮಾತಿಗೂ ಬಗ್ಗದ ಹೆಡ್‌ಮಾಸ್ತರ ತಲೆ ಚಾವಣಿಗೆ ಡಬ್ ಎಂದು ಬಡಿಯಿತು.

"ಇದೂ ನೀವೇ ಕಟ್ಟಿದ್ದಾ?" ಎಂದು ಬೀಗರು ತಲೆ ಉಜ್ಜಿಕೊಳ್ಳುತ್ತ ಕೇಳಿದರು.

"ಇಲ್ಲ. ನಾನು ಆಳು ನೋಡಿ ಎತ್ತರ ಇಡ್ತೀನಿ."

ಕೊನೆಗೆ ಕೊಳ ಬಂತು. ಕಪ್ಪು ನೀರು, ಸಾಲು ಕಮಾನು, ದೀಪದ ಬೆಳಕಿಗೆ ಹೊಳೆಯುವ ಕಲ್ಲು. ಮೂರನೇ ಕಮಾನಿನ ಗೋಡೆಯನ್ನು ಕಂಡದ್ದೇ ಮೇಸ್ತ್ರಿ ಅದರ ಮುಂದೆ ಕಟ್ಟಿದ್ದ ಹಗ್ಗದವರೆಗೂ ಹೋದ. ಮೇಲಿನಿಂದ ಕೆಳಗಿನವರೆಗೆ ಕಣ್ಣಲ್ಲೇ ತೂಗುಗುಂಡು ಇಳಿಬಿಟ್ಟು ನೋಡಿದ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಆಚೆ ಬದಿಯಲ್ಲಿ ಒರತೆಯ ನೀರು ಹಗಲೂ ರಾತ್ರಿ ಒತ್ತುತ್ತಿದ್ದರೂ ಈಚೆ ಗೋಡೆ ಒಣಗಿದ ಹಲಗೆಯ ಹಾಗಿತ್ತು. ದೂರದ ಊರಲ್ಲಿರುವ ಮಗಳನ್ನು ಬಹಳ ವರ್ಷದ ಮೇಲೆ ನೋಡಿದವನ ಹಾಗೆ ಅವನ ಕಣ್ಣು ತುಂಬಿತು.

"ಇಲ್ಲಿ ನೋಡಿ," ಎಂದು ಹುಡುಗಿ ಹಗ್ಗದಾಚೆಗೆ ಬೆಳಕು ಹಾಯಿಸಿದಳು. ಎದೆಮಟ್ಟದ ಗಾರೆಯಲ್ಲಿ ಒಂದು ಅಂಗೈ ಗುರುತು ಆಳವಾಗಿ ಒತ್ತಿಕೊಂಡಿತ್ತು. "ಇದು ಕೊಳ ಕಟ್ಟಿಸಿದ ರಾಜನ ಕೈ. ಯುದ್ಧದಲ್ಲಿ ಅರ್ಧ ಕಿರುಬೆರಳು ಕಳ್ಕೊಂಡು ಬಂದವನು, ಹಸಿ ಗೋಡೆ ಮೇಲೆ ಕೈಯಿಟ್ಟು ಹರಸಿದನಂತೆ."

ಜನ ಕೈ ಮುಗಿಯುವಷ್ಟು ಗಂಭೀರರಾದರು. ಮೇಸ್ತ್ರಿ ಹಗ್ಗ ದಾಟಿದ. ಸೀಟಿ ಕೂಗಿತು. ಕೂಗುತ್ತಿರುವಂತೆಯೇ ಅವನು ಎಡಗೈ ಎತ್ತಿ ಆ ಗುರುತಿನೊಳಗೆ ಇಟ್ಟ. ಬೀಗದೊಳಗೆ ಕೀಲಿ ಕೂತ ಹಾಗೆ ಕೂತಿತು. ಅರ್ಧ ಬೆರಳು ಅರ್ಧ ಬೆರಳಿನಲ್ಲೇ ಕೂತಿತು.

ಸೀಟಿ ಹುಡುಗಿಯ ಬಾಯಿಂದ ಜಾರಿತು.

"ಈಗ ಹೇಳಿ ಬೀಗರೇ!" ಎಂದು ಮೇಸ್ತ್ರಿ ತಿರುಗಿದ.

ಹಿಂದಿನಿಂದ ಯಾರೋ, "ರಾಜವಂಶ!" ಎಂದರು. ಇನ್ನೊಬ್ಬರು, "ರಕ್ತ ಅಂದ್ರೆ ಹಾಗೆ, ಎಷ್ಟು ತಲೆಮಾರಾದ್ರೂ ಬೆರಳು ಸಮೇತ ಬರುತ್ತೆ" ಎಂದರು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, "ತಾತ, ನೀವು... ಅವರ ಕಡೆಯವರಾ?" ಎಂದಳು.

"ಯಾರ ಕಡೆಯವನೂ ಅಲ್ಲಮ್ಮ! ನಾನು ಮೇಸ್ತ್ರಿ!"

ಅಷ್ಟರಲ್ಲಿ ಬೀಗರು ಪರರ ಸಂಸಾರವನ್ನು ಬಿಟ್ಟು ಮುಂದೆ ಬಂದಿದ್ದರು. ಅಂಗಿ ಸರಿಮಾಡಿಕೊಂಡಿದ್ದರು. "ಇವರು ನಮ್ಮ ಬೀಗರು," ಎಂದರು ಎಲ್ಲರಿಗೂ ಕೇಳುವಂತೆ. "ಹೆಣ್ಣು ಕೊಡುವಾಗಲೇ ನನಗೆ ಅನ್ನಿಸಿತ್ತು, ದೊಡ್ಡ ಮನೆತನ ಅಂತ. ಇವರು ಹೇಳಿಕೊಳ್ಳೋದಿಲ್ಲ. ಬಹಳ ಸಂಕೋಚ."

ಇಬ್ಬರು ಮೇಸ್ತ್ರಿಯ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಮೇಸ್ತ್ರಿಗೆ ಮೈ ಉರಿಯಿತು. ಕಟ್ಟಿದ ಗೋಡೆಯನ್ನು ಕಿತ್ತುಕೊಂಡು ಕಿರೀಟ ಕೊಟ್ಟರೆ ಅದನ್ನು ಇಟ್ಟುಕೊಂಡು ಏನು ಮಾಡುವುದು?

"ಬೀಗರೇ, ಕೂಗಿ ಹೇಳ್ತೀನಿ ಅಂದಿದ್ರಿ. ಮೇಸ್ತ್ರಿ ಅಂತ ಹೇಳಿ."

"ಹೇಳ್ತಿದ್ದೆ ಬೀಗರೇ. ಆದ್ರೆ ಮೇಸ್ತ್ರಿ ಆದವನು ಕರಣೆ ಹಿಡೀತಾನೆ. ಗೋಡೆಗೆ ಯಾಕೆ ಇಷ್ಟು ಆಳಕ್ಕೆ ಕೈ ಒತ್ತುತ್ತಾನೆ? ಹೇಳಿ ನೋಡೋಣ."

ಮೇಸ್ತ್ರಿ ಕಾದ ಹೆಂಚಿನ ಹಾಗಾಗಿದ್ದ. "ಯಾಕೆ ಅಂದ್ರೆ, ಕೊನೇ ಕಲ್ಲು ಇಡೋ ಹೊತ್ತಿಗೆ ಆ ಜಾಗದಿಂದ ನೀರು ನುಗ್ಗಿತು! ಕಲ್ಲು ತುರುಕಿದೆ, ನಿಲ್ಲಲಿಲ್ಲ. ತಲೆಗೆ ಸುತ್ತಿದ್ದ ಬಟ್ಟೆ ತುರುಕಿದೆ, ಅದನ್ನೂ ಉಗುಳಿಬಿಡ್ತು. ಇನ್ನು ಎರಡು ಗಳಿಗೆ ಬಿಟ್ಟಿದ್ರೆ ಗೋಡೆ ಜೊತೆ ಎಂಟು ಆಳುಗಳೂ ಹೋಗ್ತಿದ್ರು. ಕೈಗೆ ಸಿಕ್ಕಿದ್ದು ನನ್ನ ಬುತ್ತಿ ಡಬ್ಬಿ. ಬಿರಡೆ ಜಡಿದ ಹಾಗೆ ಜಡಿದೆ! ಮೇಲೆ ಗಾರೆ ಮೆತ್ತಿ, ಅದು ಹಿಡಿಯೋವರೆಗೂ ಹಗಲೆಲ್ಲ ಅಂಗೈ ಒತ್ತಿ ನಿಂತಿದ್ದೆ. ಈ ಗುರುತಿನ ಹಿಂದೆ ಗೇಣು ಆಳದಲ್ಲಿ ಈಗಲೂ ಇದೆ. ಹಿತ್ತಾಳೆ ಡಬ್ಬಿ! ಮುಚ್ಚಳದ ಮೇಲೆ ಗಿಳಿ ಕೊರೆದದ್ದು! ರಾಜ ಬುತ್ತಿ ಕಟ್ಟಿಕೊಂಡು ಬರ್ತಿದ್ನಾ?"

ನೀರಿನ ಮೇಲೆ ಅವನ ಮಾತು ತೇಲಿ ಹೋಗಿ ಆ ಬದಿಯ ಕಮಾನಿಗೆ ತಾಗಿ ಮರಳಿ ಬಂತು. ಆಮೇಲೆ ಕತ್ತಲಿಂದ ಒಂದು ಸಣ್ಣ ದನಿ ಬಂತು.

"ಗಿಳಿ?"

ಮೇಸ್ತ್ರಿಯ ಕೈ ಗೋಡೆಯಿಂದ ತಾನಾಗಿಯೇ ಇಳಿಯಿತು. ಇಲ್ಲಿ ಮಾಳಿಗೆಯೂ ಇರಲಿಲ್ಲ.

"ಗಿಳಿ ಕೊಕ್ಕಿನ ಹತ್ತಿರ ಸ್ವಲ್ಪ ನಗ್ಗಿತ್ತಾ?" ಎಂದು ಹೆಂಡತಿ ಹತ್ತಿರ ಬಂದಳು.

"...ಇತ್ತು."

"ಕಾಂಪೌಂಡಿನ ಮೇಲೆ ಬೋರಲು ಹಾಕಿದ್ದೆ ಅಂದ್ರಿ."

"ಆವತ್ತೇ ಹೇಳೋಣ ಅಂತಿದ್ದೆ ಕಣೇ. ನೀನು ಅಷ್ಟು ಹೊತ್ತಿಗೆ ಪಕ್ಕದ ಮನೆ ಮೇಲೆ ಕೂಗಾಡಿ ಮುಗಿಸಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ..."

ಹೆಂಡತಿ ಅವನ ಕಡೆ ನೋಡಲೂ ಇಲ್ಲ. ಹುಡುಗಿಯ ಕಡೆ ತಿರುಗಿದಳು. "ಬರ್ಕೋ ತಾಯಿ. ಈ ಗೋಡೆ ಕಟ್ಟಿದ್ದು ಇವರೇ. ಸಾಕ್ಷಿ ನಾನು. ಒಳಗಿರೋದು ನನ್ನ ತವರಿನ ಡಬ್ಬಿ. ಈಗಲೇ ತೆಗೆಸಿಕೊಡು."

"ಅಮ್ಮಾ, ಕಲ್ಲು ಕೀಳೋ ಹಾಗಿಲ್ಲ!" ಹುಡುಗಿ ಗಾಬರಿಯಾದಳು.

"ಕಿತ್ರೆ ಕೊಳ ಹೋಗುತ್ತೆ," ಎಂದ ಮೇಸ್ತ್ರಿ. ಆ ಗಳಿಗೆಯಲ್ಲೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಉಳಿದಿತ್ತು.

ಹೆಂಡತಿ ನಿಧಾನಕ್ಕೆ ಟೈಲರಮ್ಮನ ಮುಂದೆ ಹೋಗಿ ನಿಂತಳು. ಈ ಸಲ ಚಿಲಕಕ್ಕಲ್ಲ, ಅವಳ ಮುಖಕ್ಕೇ, "ಅಕ್ಕಾ" ಎಂದಳು.

"ಬಿಡೇ," ಎಂದು ಟೈಲರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ನಲವತ್ತು ವರ್ಷ ಆ ಗಿಳಿನ ನಾನೂ ದಿನಾ ಶಪಿಸಿದ್ದೇನೆ. ಯಾರನ್ನ ಶಪಿಸಬೇಕು ಅಂತ ಇವತ್ತು ಗೊತ್ತಾಯ್ತು."

ಇಬ್ಬರೂ ಒಟ್ಟಿಗೆ ಮೇಸ್ತ್ರಿಯ ಕಡೆ ನೋಡಿದರು. ಮೂವತ್ತೆಂಟು ವರ್ಷ ಒರತೆಯನ್ನು ತಡೆದ ಗೋಡೆಯೂ ಆ ನೋಟವನ್ನು ತಡೆಯುತ್ತಿರಲಿಲ್ಲ.

ಎಲ್ಲರೂ ಮೇಲೆ ಹತ್ತಿ ಬಂದಾಗ ಹೊರಗೆ ಮುಂದಿನ ಗುಂಪು ಕಾಯುತ್ತಿತ್ತು. ಬೀಗರ ಮುಖ ಐದು ನಿಮಿಷ ಸಿಂಹಾಸನದ ಮೇಲೆ ಕೂತು ಇಳಿದವರ ಹಾಗೆ ಬಾಡಿತ್ತು. ಆದರೂ ಕೊಟ್ಟ ಮಾತಿಗೆ ತಪ್ಪುವ ಜಾತಿಯವರಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಎರಡು ಗುಂಪಿಗೂ ಕೇಳುವಂತೆ ಕೂಗಿದರು: "ಇವರು ನಮ್ಮ ಬೀಗರು. ಮೇಸ್ತ್ರಿ! ಕೆಳಗೆ ರಾಜನ ಕೈ ಇರೋ ಗೋಡೆ ಕಟ್ಟಿದ್ದು ಇವರೇ!"

ಹತ್ತು ವರ್ಷ ಕಾದಿದ್ದ ಮಾತು. ಮೇಸ್ತ್ರಿ ಎದೆ ಸೆಟೆಸಿ ನಿಂತ.

ಕಾಯುತ್ತಿದ್ದ ಗುಂಪು ಘೊಳ್ಳೆಂದು ನಕ್ಕಿತು. "ಎಂಟುನೂರು ವರ್ಷದ್ದು ಸ್ವಾಮಿ! ಇಬ್ಬರಿಗೂ ಬಿಸಿಲು ನೆತ್ತಿಗೇರಿದೆ," ಎಂದ ಒಬ್ಬ.

"ಸಾಕ್ಷಿ ಇದೆ!" ಎಂದ ಮೇಸ್ತ್ರಿ. "ಬೇಕಾದ್ರೆ ಕೇಳಿ, ಅಲ್ಲಿದ್ದಾಳಲ್ಲ ನನ್ನ ಹೆಂಡತಿ. ಹೇಳೇ, ಯಾರು ಕಟ್ಟಿದ್ದು?"

ಟೈಲರಮ್ಮನ ತೋಳಿಗೆ ತೋಳು ಕೊಟ್ಟು ನಿಂತಿದ್ದ ಹೆಂಡತಿ ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರು ಯಾರು ಅಕ್ಕಾ?" ಎಂದಳು.

"ನಮ್ಮ ಬೀದಿಯವರಂತೂ ಅಲ್ಲಪ್ಪ," ಎಂದಳು ಟೈಲರಮ್ಮ.