ಐದು ಹುಂಜ ಮತ್ತು ನನ್ನ ಜೀವಶಾಸ್ತ್ರ

ನಾನು ತಲೆ ಉಪಯೋಗಿಸಿದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಸುಮ್ಮನಿದ್ದ ದಿನ ಏನೂ ಆಗುವುದಿಲ್ಲ. ಆದರೆ ಹೊಸಪೇಟೆಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಹೇಳಿಕೊಂಡು ಬಂದವನಿಗೆ ಸುಮ್ಮನಿರುವುದು ಕಷ್ಟ. ನಮ್ಮ ಹಿತ್ತಲಿನ ಹುಂಜಗಳ ಕತೆ ಕೇಳಿದರೆ ನಿಮಗೇ ತಿಳಿಯುತ್ತದೆ.

೧. ಗುಲಾಬಿ ಮರಿಗಳು

ನನ್ನ ಹೆಂಡತಿ ಕಂಪ್ಲಿಯ ತವರುಮನೆಯಿಂದ ಮೂರು ನಾಟಿ ಹೇಂಟೆ ತಂದು ಸಾಕಿಕೊಂಡಿದ್ದಳು. ಅವು ಹೊತ್ತಿಗೆ ಸರಿಯಾಗಿ ಮೊಟ್ಟೆ ಇಡುತ್ತಿದ್ದವು, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಇನ್ನೊಂದಿಷ್ಟು ಕೋಳಿ ಇದ್ದರೆ ಓಣಿಗೆಲ್ಲ ನಾವೇ ಮೊಟ್ಟೆ ಹಂಚಬಹುದು ಎಂಬ ಯೋಚನೆ ಬಂದದ್ದು ನನಗೆ.

ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಸೈಕಲ್ಲಿನ ಬುಟ್ಟಿಯಲ್ಲಿ ಬಣ್ಣ ಹಾಕಿದ ಕೋಳಿಮರಿ ಮಾರುತ್ತಿದ್ದ. ಹಸಿರು, ನೀಲಿ, ಗುಲಾಬಿ.

"ಎಲ್ಲಾ ಹೆಣ್ಣು ತಾನೇ?" ಎಂದು ಕೇಳಿದೆ.

"ನಿಮಗ ಯಾವ್ದು ಬೇಕೋ ಅದನ್ನ ಆರಿಸ್ಕೊಳ್ರಿ ಸಾರ್" ಎಂದ.

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆರು ಗುಲಾಬಿ ಮರಿಗಳನ್ನು ಆರಿಸಿ ತಂದೆ. ಎಲ್ಲಾ ಗುಲಾಬಿಯೇ ಯಾಕೆ ಎಂದು ಹೆಂಡತಿ ಕೇಳಿದಾಗ, "ಹೆಣ್ಣುಮಕ್ಕಳ ಬಣ್ಣ ಅದೇ ಅಲ್ಲವೇ" ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಕೆಲವು ವಾರಗಳಲ್ಲಿ ಬಣ್ಣ ಹೋಗಿ ಮರಿಗಳು ಬೆಳ್ಳಗಾದವು. ತಲೆಯ ಮೇಲೆ ಕೆಂಪು ಜುಟ್ಟು ಎದ್ದಿತು. ಮುಂದೊಂದು ದಿನ ಅವುಗಳಲ್ಲೊಂದು ವಿಚಿತ್ರ ದನಿ ತೆಗೆಯಿತು. ಗಂಟಲು ಕಟ್ಟಿರಬೇಕು ಎಂದೆ. ಮರುದಿನ ಐದಕ್ಕೂ ಗಂಟಲು ಕಟ್ಟಿತು. ಆರನೆಯದನ್ನು ಮೊದಲೇ ಬೆಕ್ಕು ಹೊತ್ತೊಯ್ದಿತ್ತು.

"ಹೆಣ್ಣು ಅಂತ ಇದ್ದಿದ್ದು ಅದೊಂದಽ ಇರಬೇಕು ಬಿಡ್ರಿ" ಎಂದಳು ಹೆಂಡತಿ.

೨. ದಿನಕ್ಕೆ ಎಷ್ಟು ಸಲ ಬೆಳಗಾಗಬೇಕು?

ಮೂರು ಹೇಂಟೆಗೆ ಐದು ಹುಂಜ ಎಂದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಠ್ಯಪುಸ್ತಕದಲ್ಲಿ ಬರೆದಿಲ್ಲ. ಹೇಂಟೆಗಳ ಬೆನ್ನಿನ ಪುಕ್ಕ ಉದುರಿತು, ಮೊಟ್ಟೆ ನಿಂತಿತು. ಬಡಪಾಯಿಗಳು ದಿನವಿಡೀ ನುಗ್ಗೆಗಿಡದ ಮೇಲೆ ಹತ್ತಿ ಕೂರತೊಡಗಿದವು.

"ಹುಂಜ ಹೋಗಬೇಕು. ಇಲ್ಲಾಂದ್ರ ನನ್ನ ಕೋಳಿ ತಗಂಡು ನಾನಽ ಕಂಪ್ಲಿಗೆ ಹೋಗ್ತೀನಿ" ಎಂದಳು ಹೆಂಡತಿ. ಅವಳು ಹೇಳಿದ್ದನ್ನು ಮಾಡುವವಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅದೇ ವಾರ ಪಕ್ಕದ ಮನೆಯವರು ಬಂದರು. ಅವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವವರು. ಭಾಳ ಸಜ್ಜನರು.

"ಸರ, ನಸುಕಿನ್ಯಾಗ ಎಷ್ಟರ ಕೂಗ್ಲಿ, ನಾ ಡ್ಯೂಟಿಯಾಗಿರ್ತೀನಿ. ಹಗಲೆಲ್ಲಾ ಕೂಗಿದ್ರ ಹೆಂಗ್ರಿ?"

ಇದಕ್ಕೆ ನನ್ನ ಹತ್ತಿರ ವಿಜ್ಞಾನವಿತ್ತು. ಕತ್ತಲಲ್ಲಿ ಹುಂಜ ಕೂಗುವುದಿಲ್ಲ, ಬೆಳಕು ಕಂಡರೆ ಕೂಗುತ್ತದೆ ಎಂದು ಅವರಿಗೆ ವಿವರಿಸಿ, ಐದನ್ನೂ ಗೂಡಿಗೆ ಹಾಕಿ, ಮೇಲೆ ದಪ್ಪ ಕರಿ ತಾಡಪತ್ರಿ ಹೊದಿಸಿದೆ. ಒಂದು ತಾಸು ಹಿತ್ತಲು ತಣ್ಣಗಿತ್ತು. ಹೆಮ್ಮೆಯಿಂದ ಚಹಾ ಕುಡಿದೆ.

ಆಮೇಲೆ ಹೆಂಡತಿ ಕಾಳು ಹಾಕಲು ತಾಡಪತ್ರಿ ಎತ್ತಿದಳು. ಹುಂಜಗಳಿಗೆ ಬೆಳಗಾಯಿತು. ಐದೂ ಒಟ್ಟಿಗೆ ಕೂಗಿದವು. ನೀರಿಡಲು ಎತ್ತಿದಳು, ಮತ್ತೆ ಬೆಳಗಾಯಿತು. ಉಸಿರಾಡುತ್ತಿವೆಯೋ ಇಲ್ಲವೋ ಎಂದು ನಾನೇ ಇಣುಕಿದಾಗ ಇನ್ನೊಂದು ಬೆಳಗು.

ಸಂಜೆ ಪಕ್ಕದ ಮನೆಯವರು ಕೆಂಪು ಕಣ್ಣು ಬಿಟ್ಟುಕೊಂಡು ಗೋಡೆಯಾಚೆ ನಿಂತಿದ್ದರು.

"ಸರ, ಮೊದ್ಲು ಒಂದಽ ಶಿಫ್ಟ್ ಕೂಗ್ತಿದ್ವು. ನೀವು ವಿಜ್ಞಾನ ಹಚ್ಚಿದ ಮ್ಯಾಲ ಮೂರೂ ಶಿಫ್ಟ್ ಮಾಡಾಕತ್ತಾವ ನೋಡ್ರಿ."

೩. ನನ್ನ ಸೋಮವಾರ

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಕೋಳಿ ತಿನ್ನುವವನು, ಅದೂ ಬೆರಳು ಚೀಪಿಕೊಂಡು ತಿನ್ನುವವನು. ಆದರೆ ಅಂಗೈ ಮೇಲೆ ಇಟ್ಟುಕೊಂಡು ಕಾಳು ತಿನ್ನಿಸಿದ್ದನ್ನು ಕಡಿಯುವುದು ನನ್ನಿಂದ ಆಗುವುದಿಲ್ಲ. ಹೆಂಡತಿಗೆ ಇದನ್ನು ಹೇಳುವ ಧೈರ್ಯವೂ ಇರಲಿಲ್ಲ. ಹೀಗಾಗಿ ಎರಡು ಹುಂಜಗಳನ್ನು ನಮ್ಮ ಶಾಲೆಯ ಪಿ.ಟಿ. ಮಾಸ್ತರರಿಗೆ ಕೊಟ್ಟುಬಿಟ್ಟೆ. ಸಾಕಿಕೊಳ್ಳುತ್ತಾರೆ ಎಂದು ನನ್ನಷ್ಟಕ್ಕೆ ನಾನೇ ನಂಬಿಕೊಂಡೆ.

ಎರಡು ದಿನ ಬಿಟ್ಟು ಅವರು ಸ್ಟಾಫ್‌ರೂಮಿಗೆ ದೊಡ್ಡ ಟಿಫಿನ್ ಡಬ್ಬಿ ತಂದರು. ಮುಚ್ಚಳ ತೆಗೆದ ಕೂಡಲೇ ಮಸಾಲೆಯ ವಾಸನೆ ಕಾರಿಡಾರಿನವರೆಗೂ ಹೋಯಿತು.

"ಮೊದ್ಲು ನಿಮಗಽ ಸರ. ನಿಮ್ಮ ಹುಂಜಾನಽ ಅಲ್ಲೇನು" ಎಂದು ಒಂದು ಕಾಲಿನ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಆ ಕಾಲಿನ ಗುರುತು ನನಗಿತ್ತು. ಅದು ಸ್ವಲ್ಪ ಕುಂಟುವ ಹುಂಜ. ತಟ್ಟೆ ಆಚೆ ಸರಿಸಿದೆ.

"ಬ್ಯಾಡ್ರಿ, ನಂದು ಸೋಮವಾರ" ಎಂದೆ.

"ಇವತ್ತು ಬುಧವಾರ ಐತ್ರಿ ಸರ."

"ಈ ಸಲ ಹರಕಿ ಐತ್ರಿ. ಸೋಮವಾರ ವಾರಗಟ್ಲೆ ಹಿಡ್ಕೊಂಡೀನಿ."

ಎಲ್ಲರೂ ನನ್ನ ಭಕ್ತಿಗೆ ತಲೆದೂಗಿ, ನನ್ನ ಪಾಲನ್ನೂ ಹಂಚಿಕೊಂಡರು. ಮುಂದಿನ ವಾರ ಪಿ.ಟಿ. ಮಾಸ್ತರರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ನಿಮ್ಮ ಸೋಮವಾರ ಮುಗಿಯೋದು ಯಾವಾಗ್ರಿ ಸರ? ಇನ್ನ ಮೂರು ಅದಾವಂತಲ್ಲ."

೪. ಕಂಪ್ಲಿ ಬಸ್ಸು

ಉಳಿದ ಮೂರನ್ನು ಕಂಪ್ಲಿಯಲ್ಲಿರುವ ಹೆಂಡತಿಯ ಅಣ್ಣನ ಮನೆಗೆ ಬಿಟ್ಟು ಬರುವುದೆಂದು ತೀರ್ಮಾನವಾಯಿತು. ಅವರದು ಗದ್ದೆ ಬಯಲಿನ ಮನೆ, ಅಲ್ಲಿ ಕೂಗಿದರೆ ಕೇಳುವವರಿಲ್ಲ. ಚೀಲದಲ್ಲಿ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು, ಕಾಲ ಸಂದಿಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಆಧಾರ್ ಕಾರ್ಡ್ ತೋರಿಸಿದಳು. ಕಂಡಕ್ಟರ್ ಅವಳಿಗೆ ಫ್ರೀ ಟಿಕೆಟ್ ಹರಿದು ಕೊಟ್ಟ. ನನ್ನ ಟಿಕೆಟ್ ಕೊಟ್ಟು ಚೀಲದ ಕಡೆ ನೋಡಿದ.

"ಇವಕ್ಕೂ ಟಿಕೆಟ್ ಆಗ್ತೈತ್ರಿ."

ಸುಮ್ಮನೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಬಸ್ಸಿನ ತುಂಬ ಜನ ಇದ್ದರು, ನನಗೆ ಚತುರನಾಗುವ ಹುಕಿ ಬಂತು. "ಇವೂ ಹೆಣ್ಣುಮಕ್ಕಳೇ ಅಲ್ಲೇನ್ರಿ. ಫ್ರೀ ಅಲ್ಲೇನು?" ಎಂದೆ.

ಆ ಗಳಿಗೆಗೆ ಸರಿಯಾಗಿ ಒಂದು ಹುಂಜ ಕುತ್ತಿಗೆ ಉದ್ದ ಮಾಡಿ ಕೂಗಿತು. ಅದನ್ನು ಕೇಳಿ ಇನ್ನೆರಡೂ ಕೂಗಿದವು.

"ದನಿ ಗಂಡಸರದ್ದಽ ಐತಲ್ರಿ" ಎಂದ ಕಂಡಕ್ಟರ್. "ಇರ್ಲಿ, ಹೆಣ್ಣಂತ ಆಧಾರ್ ಕಾರ್ಡ್ ತೋರಿಸ್ರಿ, ಬಿಟ್ಟುಬಿಡ್ತೀನಿ." ಹಿಂದಿನ ಸೀಟಿನ ಅಜ್ಜಿಯೊಬ್ಬಳು ನಕ್ಕ ನಗೆ ಕಂಪ್ಲಿ ಬರುವವರೆಗೂ ನಿಲ್ಲಲಿಲ್ಲ.

ಅಣ್ಣನ ಮನೆಯವರು ಮೂರನ್ನೂ ಸಂತೋಷದಿಂದ ಇಳಿಸಿಕೊಂಡರು. ನನ್ನ ಎದೆ ಹಗುರಾಯಿತು. ಊಟ ಮುಗಿಸಿ ಹೊರಟಾಗ ಹೆಂಡತಿಯ ಅತ್ತಿಗೆ ಅದೇ ಚೀಲ ತಂದು ಕೈಗಿಟ್ಟರು. ಚೀಲ ಅಲುಗಾಡುತ್ತಿತ್ತು.

"ತವರುಮನಿಗೆ ಬಂದವ್ರನ್ನ ಬರೇ ಚೀಲ ಕೊಟ್ಟು ಕಳಿಸಬಾರದ್ರಿ. ನಾಟಿ ಐತಿ, ಚಲೋ ತಳಿ" ಎಂದರು.

ಒಳಗೆ ಕೆಂಪು ಬಣ್ಣದ, ಹೊಳೆಯುವ ಬಾಲದ ಭಾರೀ ಹುಂಜ. ತವರಿನ ಉಡುಗೊರೆಯನ್ನು ಬೇಡ ಎನ್ನುವ ಹಾಗಿಲ್ಲ. ಹೆಂಡತಿ ನನ್ನ ಕಡೆ ನೋಡಲೇ ಇಲ್ಲ.

ವಾಪಸು ಬರುವಾಗಲೂ ಅದೇ ಕಂಡಕ್ಟರ್. ಚೀಲ ನೋಡಿದ, ನನ್ನನ್ನು ನೋಡಿದ, ಮೂರು ಟಿಕೆಟ್ ಹರಿದ.

೫. ಬೀಗರ ಊಟ

ತವರಿನಿಂದ ಬಂದ ಹುಂಜವನ್ನು ಇನ್ನೊಬ್ಬರಿಗೆ ಕೊಡಬಾರದು, ಅಡಿಗೆ ಮಾಡಬಹುದು. ಇದು ಹೆಂಡತಿಯ ಕಾನೂನು. ಐತವಾರ ಸಂಡೂರಿನಿಂದ ಮಗಳ ಅತ್ತೆ ಮಾವ ಬರುವವರಿದ್ದರು.

"ಬೀಗರಿಗೆ ಇದನ್ನಽ ಮಾಡೋಣು. ಕಡಿಸ್ಕೊಂಡು ಬರ್ರಿ. ಅದರ ಬೆನ್ನಿಗೆ ನನ್ನ ಕೋಳಿಗೂ ನೆಮ್ಮದಿ" ಎಂದಳು.

ಅಷ್ಟರಲ್ಲಿ ಆ ಹುಂಜ ದಿನಾ ಬೆಳಗ್ಗೆ ನನ್ನ ಸ್ಕೂಟರ್ ಸೀಟಿನ ಮೇಲೆ ಬಂದು ಕೂರುವುದನ್ನು ಕಲಿತಿತ್ತು. ಚಿಕನ್ ಅಂಗಡಿಯಲ್ಲಿ ಅಂಗಡಿಯವನು ಕತ್ತಿ ಎತ್ತಿದಾಗ ಅದು ಒಂದೇ ಕಣ್ಣಿನಿಂದ ನನ್ನನ್ನು ನೋಡಿತು.

"ಕಡೀಬ್ಯಾಡ್ರಿ" ಎಂದೆ. "ಇದನ್ನ ಇಲ್ಲೇ ಇಟ್ಕೊಳ್ರಿ. ಯಾರರ ಸಾಕಾಕ ಕೇಳಿದ್ರ ಕೊಡ್ರಿ. ಆದ್ರ ಕಡಿಯಂಗಿಲ್ಲಂತ ಮಾತು ಕೊಡ್ರಿ. ನಂಗ ಎರಡು ಕೆ.ಜಿ. ಬ್ರಾಯ್ಲರ್ ಹಾಕ್ರಿ. ಸಣ್ಣ ತುಂಡು ಮಾಡ್ರಿ, ಗುರ್ತು ಸಿಗಬಾರ್ದು."

ಮನೆಯಲ್ಲಿ ಹೆಂಡತಿ ಕುಕ್ಕರ್ ತೆಗೆದು ನೋಡಿ, "ನಾಟಿ ಹುಂಜ ಎರಡಽ ಸೀಟಿಗೆ ಬೆಂದೈತಲ್ರಿ" ಎಂದಳು. ಎಳೆಯದು ಎಂದೆ. ಅವಳು ಇನ್ನೊಮ್ಮೆ ತುಂಡನ್ನು ಸೌಟಿನಿಂದ ಒತ್ತಿ ನೋಡಿದಳು. ಬೀಗರಿಗೆ ಬ್ರಾಯ್ಲರ್ ಬಡಿಸಿದ ಸುದ್ದಿ ಹೊರಬಿದ್ದರೆ ಮಗಳ ಮನೆಯಲ್ಲಿ ನಮ್ಮ ಮರ್ಯಾದೆ ಮೂರಾಬಟ್ಟೆ, ಇಲ್ಲಿ ನನ್ನ ಸಂಸಾರ ಕಂಪ್ಲಿ ಬಸ್ಸಿನಲ್ಲಿ.

ಬೀಗರು ರೊಟ್ಟಿ ಮುರಿದು ಸಾರಿಗೆ ಅದ್ದಿ ಕಣ್ಣು ಮುಚ್ಚಿದರು.

"ನಾಟಿ ರುಚೀನಽ ಬ್ಯಾರೆ ಬಿಡ್ರಿ. ಬ್ರಾಯ್ಲರ್ ನಾ ಮುಟ್ಟಂಗಿಲ್ಲ. ವಾಸನಿ ಮ್ಯಾಲಽ ಗೊತ್ತಾಗ್ತೈತಿ ನನಗ."

ಮೂರನೆಯ ಸಲ ಬಡಿಸುವಾಗ ಬಾಗಿಲಲ್ಲಿ ಚಿಕನ್ ಅಂಗಡಿಯವನು ನಿಂತಿದ್ದ. ಕಂಕುಳಲ್ಲಿ ಕೆಂಪು ಹುಂಜ, ಜೀವಂತ.

"ಸಾರ್, ತಪ್ಪು ತಿಳ್ಕೋಬ್ಯಾಡ್ರಿ. ಬಂದ ಗಿರಾಕಿ ಎಲ್ಲಾ ಇದನ್ನಽ ಕಡಿ ಅಂತಾರ. ನಿಮಗ ಮಾತು ಕೊಟ್ಟೀನಿ. ಇಲ್ಲ ಇಲ್ಲ ಅಂತ ಹೇಳಿ ಯಾಪಾರಽ ನಿಂತೈತಿ. ತಗಳ್ರಿ ನಿಮ್ಮ ಹುಂಜ." ಹುಂಜವನ್ನು ನನ್ನ ಕೈಗಿಟ್ಟು ಹೊರಟವನು ಮರ್ಯಾದೆಗೆಂದು ತಿರುಗಿ ಕೇಳಿದ: "ಬ್ರಾಯ್ಲರ್ ಚಲೋ ಇತ್ತಲ್ರಿ?"

ನೆಲ ಬಾಯಿಬಿಟ್ಟರೆ ಸಾಕಿತ್ತು ನನಗೆ. ಹೆಂಡತಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಬೇರೆ ದಾರಿ ಕಾಣದೆ ನಿಜ ಹೇಳಿಬಿಟ್ಟೆ: "ಕಡಿಸಾಕ ಮನಸಾಗ್ಲಿಲ್ರಿ. ತಪ್ಪಾತು."

ಬೀಗರು ಕೈಯಲ್ಲಿದ್ದ ಎಲುಬನ್ನು ನೋಡಿದರು, ಹುಂಜವನ್ನು ನೋಡಿದರು. "ಹಂಗಾರ ನಾವು ಇಷ್ಟೊತ್ತು ತಿಂದದ್ದು ಯಾರ್ನ?" ಎಂದರು.

ಬೀಗತಿ ಸೆರಗು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದರು. ಎದ್ದು ಬಂದು ಹುಂಜವನ್ನು ನನ್ನ ಕೈಯಿಂದ ಇಸಿದುಕೊಂಡು ಹೇಳಿದರು: "ಇದನ್ನ ಸಂಡೂರಿಗೆ ನಾ ಒಯ್ತೀನ್ರಿ ಅಣ್ಣಾರ. ಕಡಿಯಂಗಿಲ್ಲ, ಸಾಕ್ತೀನಿ. ನಮ್ಮನಿಯವ್ರು ದಿನಾ ಒಂದೀಟು ಮೂಸಿ ನೋಡಿ ನಾಟಿ ವಾಸನಿ ಕಲೀಲಿ."